ಜಡ್ಜರ ಮನೆಯ ರುಬ್ಬುವ ಕಲ್ಲು

ಕಾಮಾಕ್ಷಿಪಾಳ್ಯದಲ್ಲಿ ಬೈರಯ್ಯನಷ್ಟು ದೊಡ್ಡ ಮನುಷ್ಯ ಇನ್ನೊಬ್ಬನಿರಲಿಲ್ಲ. ಇದು ಬೈರಯ್ಯನ ಅಭಿಪ್ರಾಯ. ಬೇರೆಯವರನ್ನು ಕೇಳುವ ಗೋಜಿಗೆ ಅವನು ಹೋಗಿರಲಿಲ್ಲ. ಕೋರ್ಟಿನಲ್ಲಿ ಜವಾನ. ಎದೆಗೆ ಅಡ್ಡಲಾಗಿ ಕೆಂಪು ಪಟ್ಟಿ, ಅದರ ನಡುವೆ ಹುಣಿಸೇಹಣ್ಣು ಹಾಕಿ ಬೆಳಗಿದ ಹಿತ್ತಾಳೆ ಬಿಲ್ಲೆ, ಮೂಗಿನ ಕೆಳಗೆ ಅದಕ್ಕೆ ತಕ್ಕ ಮೀಸೆ. ಬಾಗಿಲಲ್ಲಿ ನಿಂತು ವಾದಿ ಪ್ರತಿವಾದಿಗಳ ಹೆಸರನ್ನು ಮೂರು ಮೂರು ಸಲ ಕೂಗುವುದು ಅವನ ಕೆಲಸ. ಬೀದಿಯವರಿಗೆ ಮಾತ್ರ, "ನಾನಿಲ್ದೆ ಜಡ್ಜ್ ಸಾಹೇಬ್ರು ಪೆನ್ನು ಮುಟ್ಟಲ್ಲ" ಎನ್ನುತ್ತಿದ್ದ.

ದಿನಾ ಬೆಳಗ್ಗೆ ಆರಕ್ಕೆಲ್ಲ ಅವನು ರಾಜಾಜಿನಗರದ ಜಡ್ಜ್ ಚನ್ನಕೇಶವಯ್ಯನವರ ಮನೆಗೆ ಹೊರಡುತ್ತಿದ್ದ. ಇಷ್ಟು ಬೇಗ ಯಾಕೆ ಎಂದು ಹೆಂಡತಿ ಗಂಗಲಕ್ಷ್ಮಮ್ಮ ಕೇಳಿದರೆ, "ಕೇಸಿನ ಕಾಗ್ದ ನೋಡೋದಿರುತ್ತೆ" ಎಂದು ಮುಖ ಗಂಟಿಕ್ಕಿ ಹೇಳುತ್ತಿದ್ದ. ಹೋಗಿ ನೋಡುತ್ತಿದ್ದದ್ದು ನೆನೆಸಿಟ್ಟ ಉದ್ದಿನಬೇಳೆಯನ್ನು. ಬಿಲ್ಲೆ ಕಳಚಿ ಕಿಟಕಿಯ ಸರಳಿಗೆ ನೇತುಹಾಕಿ, ಪ್ಯಾಂಟನ್ನು ಮೊಣಕಾಲವರೆಗೆ ಮಡಚಿ, ಹಿತ್ತಲಿನ ರುಬ್ಬುವ ಕಲ್ಲಿನ ಮುಂದೆ ಕೂರುತ್ತಿದ್ದ. ರುಬ್ಬಿ, ಬಟ್ಟೆ ಒಗೆದು, ತರಕಾರಿ ತಂದುಕೊಟ್ಟು, ಆಮೇಲೆ ಮತ್ತೆ ಬಿಲ್ಲೆ ಹಾಕಿಕೊಂಡು ಫೈಲಿನ ಗಂಟು ಹೊತ್ತು ಸಾಹೇಬರ ಹಿಂದೆ ನಡೆಯುತ್ತಿದ್ದ. ನ್ಯಾಯದೇವತೆಗೆ ತಾನೇ ಹೆಗಲು ಕೊಟ್ಟಿದ್ದೇನೆ ಎಂದುಕೊಂಡಿದ್ದವನ ಬೆರಳ ಸಂದಿಯಲ್ಲಿ ಹಿಟ್ಟು ಒಣಗಿರುತ್ತಿತ್ತು. ಸರ್ಕಾರಿ ನೌಕರನ ಕೈಲಿ ಮನೆಗೆಲಸ ಮಾಡಿಸಬಾರದು ಅನ್ನುವುದು ಜಡ್ಜರಿಗೂ ಗೊತ್ತು, ಇವನಿಗೂ ಗೊತ್ತು. ಹೀಗೇ ಮೂರು ವರ್ಷ ಕಳೆಯಿತು.

ಎಪ್ಪತ್ತಾರನೇ ಇಸವಿಯಲ್ಲಿ ಅದೇ ಕೋರ್ಟಿನ ಇನ್ನೊಬ್ಬ ಜವಾನ ದೊಡ್ಡಹನುಮಯ್ಯನಿಗೆ ಜಡ್ಜರ ಮನೆಯ ಬಚ್ಚಲು ತೊಳೆಯಲು ಹೇಳಿದರು. ಅವನು ಆಗಲ್ಲ ಎಂದ. ಮಾತು ಕೇಳದವನು ಎಂದು ಮಾರನೆಯ ದಿನವೇ ಸಸ್ಪೆಂಡಾದ. ಬಾಯಿ ಮುಚ್ಚಿಕೊಂಡಿರದೆ ಅವನು ಹೈಕೋರ್ಟಿಗೆ ಅರ್ಜಿ ಬರೆದ, ಬೈರಯ್ಯ ಹಿಟ್ಟು ರುಬ್ಬುವುದನ್ನೂ ಅದರಲ್ಲಿ ಸೇರಿಸಿದ, ಚನ್ನಕೇಶವಯ್ಯನವರ ಮೇಲೆ ವಿಚಾರಣೆ ಶುರುವಾಯಿತು. ಅವರ ಮನೆಯೊಳಗೆ ನಡೆಯುತ್ತಿದ್ದದ್ದನ್ನು ಹೇಳಬಲ್ಲ ಸಾಕ್ಷಿ ಬೈರಯ್ಯ ಒಬ್ಬನೇ. ಅವನು ಇಲ್ಲ ಎಂದರೆ ದೊಡ್ಡಹನುಮಯ್ಯ ಜಡ್ಜರ ಮೇಲೆ ಸುಳ್ಳು ದೂರು ಕೊಟ್ಟವನಾಗಿ ಕೆಲಸ ಕಳೆದುಕೊಳ್ಳುತ್ತಿದ್ದ.

ದೊಡ್ಡಹನುಮಯ್ಯ ಕೋರ್ಟಿನ ಹಿಂದಿನ ಟೀ ಅಂಗಡಿಯಲ್ಲಿ ಇವನನ್ನು ಹಿಡಿದ. "ಬೈರಣ್ಣ, ನಂಗೋಸ್ಕರ ಏನೂ ಸೇರಿಸ್ಬೇಡ. ಇದ್ದದ್ದು ಇದ್ದಂಗೆ ಹೇಳು, ಸಾಕು."

ಬೈರಯ್ಯನಿಗೆ ಕಷ್ಟವಾಗಿದ್ದದ್ದೇ ಅದು. ಸಮನ್ಸು ಬಂದ ದಿನ ಮನೆಯಲ್ಲಿ, "ನಮ್ಮ ಜಡ್ಜು ಹೆಂಗೆ ಅಂತ ಮೇಲಿನ ಜಡ್ಜು ನನ್ನ ಅಭಿಪ್ರಾಯ ಕೇಳ್ತಾರಂತೆ" ಎಂದು ಕೊಚ್ಚಿಕೊಂಡುಬಿಟ್ಟಿದ್ದ. ಗಂಗಲಕ್ಷ್ಮಮ್ಮ ಅದನ್ನು ಪೂರ್ತಿ ನಂಬಿದಳು. "ಹಂಗಾದ್ರೆ ನಾನೂ ಬಂದು ನೋಡ್ತೀನಿ" ಎಂದು ಮಗು ಪುಟ್ಟಲಕ್ಷ್ಮಿಯನ್ನು ಪಕ್ಕದ ಮನೆಯ ಅಂಜಮ್ಮನ ಹತ್ತಿರ ಬಿಟ್ಟು, ಮದುವೆಯ ಸೀರೆ ಉಟ್ಟು ಹೊರಟೇಬಿಟ್ಟಳು. ಬೇಡ ಎನ್ನಲು ಅವನಿಗೆ ಒಂದು ನೆಪವೂ ಹೊಳೆಯಲಿಲ್ಲ.

ವಿಚಾರಣೆ ಬಾಗಿಲು ಹಾಕಿಕೊಂಡು ನಡೆಯುವಂಥದ್ದು. ಆದರೆ ಸೆಕೆ ಅಂತ ಕಿಟಕಿಗಳನ್ನೆಲ್ಲ ತೆರೆದಿದ್ದರು, ಗಂಗಲಕ್ಷ್ಮಮ್ಮ ಸರಿಯಾಗಿ ಒಂದು ಕಿಟಕಿಯ ಆಚೆಗಿನ ಬೆಂಚಿನಲ್ಲೇ ಕೂತಿದ್ದಳು. ಬೈರಯ್ಯನ ಹೆಸರನ್ನು ಮೂರು ಸಲ ಕೂಗಿದ ಜವಾನನಿಗೆ ಗಂಟಲೇ ಇರಲಿಲ್ಲ. ಇದೊಂದು ಕೂಗಾ ಎಂದು ಅಂಥ ಹೊತ್ತಿನಲ್ಲೂ ಬೈರಯ್ಯನಿಗೆ ಅನ್ನಿಸಿತು.

ಜಡ್ಜರ ಪರವಾಗಿ ವೆಂಕಟಗಿರಿ ಎಂಬ ವಕೀಲರು ಎದ್ದರು. "ಏನಯ್ಯಾ, ಇಂಥಾ ಮೀಸೆ ಇಟ್ಕೊಂಡು ಹೆಂಗಸ್ರ ಹಾಗೆ ಕಲ್ಲಿನ ಮುಂದೆ ಕೂತು ಹಿಟ್ಟು ರುಬ್ತಿದ್ದೆ ಅಂದ್ರೆ ಯಾರಾದ್ರೂ ನಂಬ್ತಾರಾ? ನಿಂಗೆ ಮರ್ಯಾದೆ ಇಲ್ವಾ? ಇದೆಲ್ಲ ಆ ದೊಡ್ಡಹನುಮಯ್ಯ ಕಟ್ಟಿದ ಕಥೆ ತಾನೆ?"

ಹೌದು ಸ್ವಾಮಿ ಎಂದರೆ ಮುಗಿದಿತ್ತು. ಮೀಸೆ ಉಳಿಯುತ್ತಿತ್ತು, ಕಿಟಕಿಯಾಚೆ ಮರ್ಯಾದೆ ಉಳಿಯುತ್ತಿತ್ತು. ಮೂಲೆಯಲ್ಲಿ ನಿಂತಿದ್ದ ದೊಡ್ಡಹನುಮಯ್ಯ ನೆಲ ನೋಡುತ್ತಿದ್ದ. ಹಾಳಾದವನು, ಒಂದು ಬಚ್ಚಲು ತೊಳೆದಿದ್ದರೆ ಇವನ ಗಂಟೇನು ಹೋಗುತ್ತಿತ್ತು ಎಂದು ಬೈರಯ್ಯ ಒಳಗೊಳಗೇ ಬೈದ. ಬೈದ ಮೇಲೆ ನಾಚಿಕೆಯಾಯಿತು.

"ರುಬ್ಬಿದೀನಿ ಸ್ವಾಮಿ" ಎಂದ. "ಮೂರು ವರ್ಷ. ದೋಸೆಗೂ ರುಬ್ಬಿದೀನಿ, ಇಡ್ಲಿಗೂ ರುಬ್ಬಿದೀನಿ. ಇಡ್ಲಿಗೆ ಅಕ್ಕಿ ತರಿತರಿ ಇರ್ಬೇಕು."

ತರಿತರಿಯನ್ನು ಇಂಗ್ಲಿಷಿನಲ್ಲಿ ಹೇಗೆ ಹೊಡೆಯುವುದೆಂದು ಟೈಪಿಸ್ಟು ಕೈ ತಡೆದು ಕೂತ. ವಿಚಾರಣೆ ನಡೆಸುತ್ತಿದ್ದ ಹಿರಿಯ ನ್ಯಾಯಾಧೀಶರು ಕನ್ನಡಕ ತೆಗೆದು, "ಮತ್ತೆ ಇಷ್ಟು ದಿನ ಯಾಕಪ್ಪಾ ದೂರು ಕೊಡ್ಲಿಲ್ಲ?" ಎಂದು ಕೇಳಿದರು.

"ಹಿಟ್ಟು ಚೆನ್ನಾಗಿ ಬರುತ್ತೆ ಬೈರಯ್ಯ ಅಂತ ಕಲ್ಯಾಣಮ್ಮೋರು, ಸಾಹೇಬ್ರ ಮನೆಯವ್ರು, ಹೇಳ್ತಿದ್ರು ಸ್ವಾಮಿ. ಕೋರ್ಟಲ್ಲಿ ಹದಿನೆಂಟು ವರ್ಷದಿಂದ ಕೂಗ್ತಾ ಇದೀನಿ. ಚೆನ್ನಾಗಿ ಕೂಗ್ದೆ ಅಂತ ಒಬ್ರೂ ಅಂದಿಲ್ಲ."

ಯಾರೋ ನಕ್ಕರು. ಬೈರಯ್ಯನಿಗೂ ನಗು ಬಂತು. ಇದನ್ನು ತಾನೇ ಹೇಳಿದೆನೇ ಎಂದು ಆಶ್ಚರ್ಯವೂ ಆಯಿತು. ಚನ್ನಕೇಶವಯ್ಯನವರು ಮಾತ್ರ ತಲೆ ಎತ್ತಲಿಲ್ಲ. ಅವರ ಬಡ್ತಿ ನಿಂತು ದೂರಕ್ಕೆ ವರ್ಗವಾದದ್ದು, ದೊಡ್ಡಹನುಮಯ್ಯ ಕೆಲಸಕ್ಕೆ ವಾಪಸು ಬಂದದ್ದು ಎಷ್ಟೋ ತಿಂಗಳ ಮೇಲೆ.

ಸಾಕ್ಷಿ ಹೇಳಿದ ದಿನ ಸಂಜೆ ಮಾಗಡಿ ರಸ್ತೆಯ ಬಸ್ಸಿನಲ್ಲಿ ಗಂಡಹೆಂಡತಿ ಒಂದೇ ಸೀಟಿನಲ್ಲಿ ಕೂತಿದ್ದರು. ಬಿನ್ನಿಪೇಟೆ ದಾಟುವಷ್ಟರಲ್ಲಿ, ಮಾನ ಕಳೆದೆ ಎಂದು ಅವಳು ಅತ್ತರೆ ಏನು ಹೇಳಬೇಕೆಂದು ಬೈರಯ್ಯ ನಾಲ್ಕಾರು ಮಾತು ಕೂಡಿಸಿಟ್ಟುಕೊಂಡಿದ್ದ. ನೌಕರಿ ಅಂದ್ರೆ ಎಲ್ಲಾ ಇರುತ್ತೆ ಕಣೇ, ಅಂತ ಶುರುಮಾಡುವುದೆಂದು ಗೊತ್ತುಮಾಡಿಕೊಂಡಿದ್ದ.

"ನಿಮಗೆ ನಿಜವಾಗ್ಲೂ ರುಬ್ಬೋಕೆ ಬರುತ್ತಾ?" ಎಂದಳು ಅವಳು.

"ಹೂಂ."

"ಪುಟ್ಟಲಕ್ಷ್ಮಿ ಹುಟ್ಟಿ ಹನ್ನೆರಡನೇ ದಿನ. ತವರಲ್ಲಿ ನಂಗೆ ಯಾರೂ ಇಲ್ಲ. ಕೂರೋಕಾಗ್ತಿಲ್ಲ, ಒಂಚೂರು ಹಿಟ್ಟು ರುಬ್ಬಿಕೊಡಿ ಅಂತ ಕೇಳಿದ್ದೆ. ಆ ಕೆಲಸ ನಂಗೇನು ಗೊತ್ತು ಅಂದ್ರಿ. ಹೊಟ್ಟೆ ಹಿಡ್ಕೊಂಡು ನಾನೇ ರುಬ್ಬಿದೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ವಾಸಿಯಿತ್ತು ಎನಿಸಿತು ಬೈರಯ್ಯನಿಗೆ.

"ಅವತ್ತು ಬೆಳಗ್ಗೇನೂ ಅವ್ರ ಮನೇಲಿ ರುಬ್ಬಿ ಬಂದಿದ್ರಾ?"

ವಕೀಲರು ಇದನ್ನು ಕೇಳಿರಲಿಲ್ಲ. ಸುಳ್ಳು ಹೇಳಿದರೆ ಹಿಡಿಯುವವರೂ ಅಲ್ಲಿ ಯಾರೂ ಇರಲಿಲ್ಲ.

"ಹೌದು" ಎಂದ ಬೈರಯ್ಯ.