ಬೆಳ್ಳಿಯ ಮೇಲೆ ಹೆಬ್ಬೆರಳು

ಕನ್ನಡಕದಂಗಡಿಯ ಯಜಮಾನನಿಗೆ ಕರುಳು ಅನ್ನುವುದೊಂದು ಇರಲಿಲ್ಲ. ಇದು ಅವನ ಹೆಂಡತಿ ಮೂವತ್ತು ವರ್ಷ ಸಂಸಾರ ಮಾಡಿ ಕೊಟ್ಟ ತೀರ್ಪು. ಬದಲಾಯಿಸಲು ಅವಳಿಗೆ ಕಾರಣ ಸಿಕ್ಕಿರಲಿಲ್ಲ.

ಯುದ್ಧಗಳ ಇಪ್ಪತ್ತೈದನೆಯ, ಐವತ್ತನೆಯ ವರ್ಷದ ನೆನಪಿಗೆಂದು ಟಂಕಸಾಲೆ ಹೊರಡಿಸುವ ಬೆಳ್ಳಿ ನಾಣ್ಯಗಳನ್ನು ಅವನು ಕೂಡಿಹಾಕುತ್ತಿದ್ದ. ರಸ್ತೆಯಲ್ಲಿ ಟೈರು ಒಡೆದರೆ ಮೇಜಿನಡಿ ಸೇರುವ ಈ ಗಂಡಸಿನ ಬೀರುವಿನಲ್ಲಿ ಹನ್ನೊಂದು ಯುದ್ಧಗಳು ಪ್ಲಾಸ್ಟಿಕ್ ಡಬ್ಬಿಗಳೊಳಗೆ ಮಲಗಿದ್ದವು. ಬರಿಗೈ ಸೋಕಿದರೆ ನಾಣ್ಯ ಕೆಟ್ಟೀತೆಂದು ಬಿಳಿ ಕೈಗವಸು ಹಾಕಿಯೇ ಮುಟ್ಟುತ್ತಿದ್ದ. ಹೆಂಡತಿಯ ಕೈ ಹಿಡಿಯುವಾಗ ಅಷ್ಟು ಶಾಸ್ತ್ರ ಮಾಡಿದವನಲ್ಲ. ಹೋದ ವರ್ಷ ಸಂಗ್ರಾಹಕರ ಸಂಘದ ಸ್ಪರ್ಧೆಯಲ್ಲಿ, ಗೆಳೆಯನ ನಾಣ್ಯದ ಮೇಲೆ ಬೆರಳಚ್ಚಿದೆಯೆಂದು ತಾನೇ ಬೊಟ್ಟು ಮಾಡಿ ತೋರಿಸಿ, ಅವನನ್ನು ಹೊರಗೆ ಹಾಕಿಸಿದ್ದ. ಅಷ್ಟಾದರೂ ಸಿಕ್ಕಿದ್ದು ಎರಡನೆಯ ಬಹುಮಾನ. ಈ ಸಲ ಮೊದಲನೆಯದು ಬರದಿದ್ದರೆ ಇದ್ದೇನು ಪ್ರಯೋಜನ ಎಂಬಂತೆ ಓಡಾಡುತ್ತಿದ್ದ.

ಸ್ಪರ್ಧೆಯ ಹಿಂದಿನ ದಿನ ಅವನ ಅಣ್ಣ ಬಂದ. ಸೈನ್ಯದಲ್ಲಿ ಅಡುಗೆಯವನಾಗಿದ್ದವನು. ಈಚೆಗೆ, ತಮ್ಮನ ಅಂಗಡಿಯ ಯಾವ ಕನ್ನಡಕಕ್ಕೂ ಬಗ್ಗದೆ, ಎರಡೂ ಕಣ್ಣು ಹೋಗಿದ್ದವು.

"ನಾನಿದ್ದ ಸೇತುವೆ ಕಾಳಗಕ್ಕೂ ನಾಣ್ಯ ಮಾಡಿದಾರಂತಲ್ಲೋ? ತೋರ್ಸು."

"ಹೇಳ್ತೀನಿ ಕೇಳು. ಒಂದು ಸೇತುವೆ, ಐದು ಜನ ಸೈನಿಕರು..."

"ಕತೆ ಬೇಡ. ಕೊಡು ಇಲ್ಲಿ, ನೋಡ್ತೀನಿ."

"ಹಾಗಾದ್ರೆ ಕೈಗವಸು ಹಾಕ್ಕೋ."

"ಕಣ್ಣಿಗೆ ಬಟ್ಟೆ ಕಟ್ಕೊಂಡು ನೋಡು ಅಂತೀಯೇನೋ?"

"ಭಾವ, ಅವರ ಪ್ರಾಣ ಕೇಳಿ, ಕೊಟ್ಟಾರು" ಎಂದಳು ಹೆಂಡತಿ. "ಅದನ್ನ ಮಾತ್ರ ಕೇಳ್ಬೇಡಿ."

ಯಜಮಾನ ಎದ್ದು ಬೀರು ತೆಗೆದ. ಆಮೇಲೆ ಡಬ್ಬಿಯ ಮುಚ್ಚಳ ಟಕ್ಕೆಂದಿತು. ಸೌಟು ಹಿಡಿದು ಜಡ್ಡುಗಟ್ಟಿದ ಹೆಬ್ಬೆರಳು ಬೆಳ್ಳಿಯ ಮೇಲೆ ನಿಧಾನವಾಗಿ ಹರಿದಾಡಿತು.

"ಇವರೆಲ್ಲ ಎತ್ತ ಓಡ್ತಿದಾರೆ?"

"ಸೇತುವೆ ಕಡೆಗೆ."

"ಶುದ್ಧ ಸುಳ್ಳು! ಸೇತುವೆ ನಮ್ಮ ಬೆನ್ನ ಹಿಂದಿತ್ತು. ನಾನಂತೂ ಎಲ್ಲರಿಗಿಂತ ಮುಂದೆ, ಕೈಯಲ್ಲಿ ಸೌಟು." ಅಣ್ಣ ಇನ್ನೊಮ್ಮೆ ಸವರಿದ. "ನನ್ನ ಸೌಟೇ ಹಾಕಿಲ್ವಲ್ಲೋ, ಬಡ್ಡೀಮಕ್ಕಳು!"

ನಾಣ್ಯವನ್ನು ತಮ್ಮನಿಗೆ ಕೊಟ್ಟು, ನಗುತ್ತಲೇ ಎದ್ದು ಹೋದ.

ಯಜಮಾನ ಭೂತಗನ್ನಡಿ ಹಿಡಿದು ನೋಡಿದ. ಸೇತುವೆಯ ಉದ್ದಕ್ಕೂ ಹೆಬ್ಬೆರಳಿನ ಗೆರೆಗಳು ಎದ್ದು ಕಾಣುತ್ತಿದ್ದವು. ಇನ್ನು ಹನ್ನೆರಡನೆಯ ಯುದ್ಧ ಮನೆಯಲ್ಲೇ ಎಂದುಕೊಂಡು ಹೆಂಡತಿ ಅಡುಗೆಮನೆಗೆ ಜಾರಿದಳು. ಸದ್ದೇ ಇಲ್ಲ. ಇಣುಕಿದಳು.

ಅವನು ಒರೆಸಿರಲಿಲ್ಲ. ನಾಣ್ಯವನ್ನು ಇದ್ದ ಹಾಗೇ ಡಬ್ಬಿಗಿಟ್ಟು ಮುಚ್ಚಿ, ಸ್ಪರ್ಧೆಯ ಅರ್ಜಿ ತುಂಬುತ್ತಿದ್ದ. 'ದೋಷಗಳಿದ್ದಲ್ಲಿ ನಮೂದಿಸಿ' ಎಂದಿದ್ದ ಕಡೆ, ತನ್ನ ದುಂಡಕ್ಷರದಲ್ಲಿ, 'ಇಲ್ಲ' ಎಂದು ಬರೆದ.