ಬಾಯಿ ಬಿಟ್ಟ ಕಡಬು

ಕುಸುಬಿ ಎಣ್ಣೆಯಲ್ಲಿ ಬೆಲ್ಲ ಸೀದ ವಾಸನೆ ಮೂಗಿಗೆ ಬಿದ್ದರೆ ಇವತ್ತಿಗೂ ನಾನು ಕೈಯಲ್ಲಿನ ಕೆಲಸ ಬಿಟ್ಟು ಏಳುತ್ತೇನೆ. ಇಂಡಿ ಪಟ್ಟಣದ ನಮ್ಮ ಓಣಿಯಲ್ಲಿ ಸೀಗಿ ಹುಣ್ಣಿಮೆ ಬಂತೆಂದರೆ ಯಾರದಾದರೂ ಒಲೆಯ ಮೇಲೆ ಒಂದಾದರೂ ಕರಿಗಡಬು ಬಾಯಿ ಬಿಡುತ್ತದೆ. ಅವರು ನಕ್ಕು, ಒಡೆದದ್ದನ್ನು ಮಕ್ಕಳ ಕೈಗೆ ಕೊಟ್ಟು ಮರೆಯುತ್ತಾರೆ. ನಾನು ಕಿಟಕಿ ಹಾಕಿಕೊಳ್ಳುತ್ತೇನೆ.

ನಾನು ಹುಟ್ಟಿ ಬೆಳೆದ ಕನ್ನೊಳ್ಳಿಯ ಮನೆಯಲ್ಲಿ ಕಡಬು ಬರಿಯ ತಿನಿಸಾಗಿರಲಿಲ್ಲ. ಹುಣ್ಣಿಮೆಯ ಹೊತ್ತಿಗೆ ಸಜ್ಜೆ ತೆನೆ ಕಟ್ಟಿರುತ್ತದೆ, ಭೂತಾಯಿ ಬಸುರಿ, ಅವಳ ಬಯಕೆಗೆ ಕಡಬು. ಇಷ್ಟನ್ನು ನಿಮ್ಮ ಮನೆಯಲ್ಲೂ ಹೇಳಿರುತ್ತಾರೆ. ಅಪ್ಪನ ತಾಯಿ, ನಮ್ಮ ಆಯಿ, ತನ್ನ ತವರು ತಂಗಡಗಿಯಿಂದ ಇನ್ನೊಂದು ರಿವಾಜು ತಂದಿದ್ದಳು. ಮನೆಯಲ್ಲಿ ಬಸುರಿ ಇದ್ದರೆ ಅವಳೇ ಒಂದು ಕಡಬಿಗೆ ಹೂರಣ ತುಂಬಿ, ಅಂಚನ್ನು ಜಡೆಯಂತೆ ಮಡಿಚಿ ಮುರಿಗೆ ಹಾಕಬೇಕು. ಆ ತುಂಬಿದ ಹೊಟ್ಟೆಯಂಥ ಕಡಬು ಎಣ್ಣೆಯಿಂದ ಇಡಿಯಾಗಿ ಎದ್ದರೆ ಹೊಲಕ್ಕೆ ಒಯ್ದು ಭೂತಾಯಿಗೆ ಕೊಡುವುದು. ಎದ್ದರೆ ಎಂದಷ್ಟೇ ಆಯಿ ಹೇಳುತ್ತಿದ್ದಳು. ಏಳದಿದ್ದರೆ ಏನೆಂದು ಯಾರೂ ಕೇಳುತ್ತಿರಲಿಲ್ಲ.

ಆ ವರ್ಷ ಚಿಗವ್ವ, ಕಾಕಾನ ಹೆಂಡತಿ, ಏಳು ತಿಂಗಳ ಬಸುರಿ. ಮೊದಲಿನ ಎರಡು ಬಸುರು ಉಳಿದಿರಲಿಲ್ಲ. ಇಡೀ ಮನೆ ಉಸಿರು ಬಿಗಿಹಿಡಿದು ಓಡಾಡುತ್ತಿತ್ತು. ಚಿಗವ್ವ ಹೂರಣ ತುಂಬಿದವಳೇ ಸೊಂಟ ನೋವೆಂದು ಗೋಡೆಗೆ ಒರಗಿದಳು. ಆಯಿ ಒಲೆಯ ಕಡೆ ತಿರುಗಿದ್ದಳು. ಎಂಟು ವರ್ಷದ ನನಗೋ ಮುರಿಗೆ ಹಾಕುವ ಹುಚ್ಚು. ಅಂಚು ಬಿಡದಂತೆ ಹಾಲು ಸವರಬೇಕಿತ್ತು, ಸವರದೆಯೇ ಸರಸರ ಮಡಿಚಿಬಿಟ್ಟೆ. ಚಿಗವ್ವ ನೋಡಿ ನಕ್ಕಳು, ಅದನ್ನೇ ಆಯಿಯ ಕೈಗೆ ಕೊಟ್ಟಳು.

ಕಡಬು ಎಣ್ಣೆಯಲ್ಲಿ ಉಬ್ಬಿತು. ಮೂವರೂ ನೋಡುತ್ತಿದ್ದೆವು. ಅಂಚು ಸಣ್ಣಗೆ ಬಿರಿಯಿತು, ಹೂರಣ ಹೊರಬಂದು ಚುರ್ ಎಂದು ಕರಿಯಾಯಿತು. ಚಿಗವ್ವನ ಕೈ ಹೊಟ್ಟೆಗೆ ಹೋಯಿತು.

"ಮುರಿಗಿ ಯಾರ ಹಾಕ್ಯಾರ?" ಆಯಿ ತಿರುಗಿ ನನ್ನನ್ನೇ ನೋಡಿದಳು. ನನ್ನ ಬೆರಳಿಗೆ ಕಣಕ ಅಂಟಿತ್ತು.

"ನಾನಽ ರೀ ಅತ್ತಿ," ಎಂದಳು ಚಿಗವ್ವ.

ನಾನು ಬೆರಳಿನ ಕಣಕವನ್ನು ಲಂಗಕ್ಕೆ ಒರೆಸಿಕೊಂಡೆ. ಹನ್ನೆರಡು ದಿನಕ್ಕೆ ಚಿಗವ್ವ ಸಿಂದಗಿಯ ಆಸ್ಪತ್ರೆಯಿಂದ ಬರಿಗೈಲಿ ಬಂದಳು. ಕಡಬಿಗೂ ಕೂಸಿಗೂ ಸಂಬಂಧವಿಲ್ಲವೆಂದು ಇವತ್ತು ನಿಮಗೆ ಹೇಳಬಲ್ಲೆ. ಆಗ ಆಯಿಗೆ ಯಾರು ಹೇಳಬೇಕು? ಅವಳು ಬೈಯಲಿಲ್ಲ. ಹಬ್ಬದ ಕಡಬು ಮುಟ್ಟಲು ಮಾತ್ರ ಚಿಗವ್ವನನ್ನು ಮತ್ತೆಂದೂ ಬಿಡಲಿಲ್ಲ. ಎಂಥ ಹೇಡಿ ನಾನು! ವರ್ಷವರ್ಷವೂ ಚಿಗವ್ವ ಪಡಸಾಲೆಯಲ್ಲಿ ಒಬ್ಬಳೇ ಕುಳಿತು ಬದನೆಕಾಯಿ ಹೆಚ್ಚುತ್ತಿದ್ದರೆ, ನಾನು ಆಯಿಯ ಪಕ್ಕದಲ್ಲಿ ಮುರಿಗೆ ಹಾಕುತ್ತ ಹೊಗಳಿಸಿಕೊಳ್ಳುತ್ತಿದ್ದೆ.

ಆಯಿ ಹೋದಳು, ಮನೆ ಪಾಲಾಯಿತು, ಆ ಅಡುಗೆಮನೆಯೂ ಈಗ ಇಲ್ಲ. ಹೋದ ವರ್ಷ ಧೈರ್ಯ ಮಾಡಿ ಹುಣ್ಣಿಮೆಗೆ ಚಿಗವ್ವನನ್ನು ಇಂಡಿಗೆ ಕರೆತಂದೆ. ಕಣಕ, ಹೂರಣ, ಹಾಲಿನ ಬಟ್ಟಲು ಅವಳ ಮುಂದಿಟ್ಟೆ. ಅವಳು ಕೈ ಹಿಂದೆಗೆದಳು.

"ನನ್ನ ಕೈ ಛಲೋ ಅಲ್ಲವ್ವಾ. ನೀನಽ ಹಾಕು."

ಮೂವತ್ತು ವರ್ಷ ನುಂಗಿಕೊಂಡಿದ್ದನ್ನು ಹೇಳಿಯೇ ಬಿಟ್ಟೆ. "ಚಿಗವ್ವಾ, ಅವತ್ತ ಮುರಿಗಿ ಹಾಕಿದಾಕಿ ನಾನು."

ಸಮಾಧಾನಕ್ಕೆಂದು ಸುಳ್ಳು ಹೇಳುವ ಮಗುವನ್ನು ನೋಡುವಂತೆ ಅವಳು ನನ್ನನ್ನು ನೋಡಿದಳು. ತಲೆ ಸವರಿದಳು.

"ಯಾಕ ಹಂಗಂತಿ ಯವ್ವಾ? ನಾನಽ ಹಾಕಿದ್ದೆ. ಹಾಲು ಹಚ್ಚೂದು ಮರತಿದ್ದೆ. ನನಗ ಛಲೋ ನೆನಪೈತಿ."