ಒಪ್ಪಂದ ಬಿಟ್ಟ ದೇಶ ನಮ್ಮ ಗದ್ದೆಗೆ ಬಂದದ್ದು

ನನ್ನ ತಂಗಿ ನಲವತ್ತೆರಡನೇ ವಯಸ್ಸಿನಲ್ಲಿ ಮಂಡ್ಯದ ಕಾನೂನು ಕಾಲೇಜಿಗೆ ಸೇರಿದಳು. ಮದ್ದೂರಿನ ಮನೆಯಲ್ಲಿ ಬೆಳಿಗ್ಗೆ ಐದಕ್ಕೆದ್ದು, ತಿಂಡಿ ಸಾರು ಎರಡೂ ಮಾಡಿಟ್ಟು, ರೈಲು ಹಿಡಿಯುತ್ತಾಳೆ. ಓದಿನಲ್ಲಿ ಹಿಂದೆ ಬಿದ್ದವಳಲ್ಲ. ಆದರೆ ಈ ಸಲ ಅಣಕು ನ್ಯಾಯಾಲಯದ ಸ್ಪರ್ಧೆಗೆ ತಂಡ ಕಟ್ಟುವಾಗ ಅವಳಿಗೆ ಬಾಯೇ ಬರಲಿಲ್ಲ.

ವಿಷಯ ಇದು: ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ಒಪ್ಪಂದಕ್ಕೆ ಸೇರಿದ್ದ ದೇಶವೊಂದು ಹೊರಬರುತ್ತದೆ. ಆಮೇಲೆ ಅದರ ಹೊಣೆ ಏನು? ತಂಗಿ ನ್ಯಾಯಾಲಯದ ಪರ ವಾದಿಸಬೇಕು. ಮೇಷ್ಟ್ರು, "ಬಿಟ್ಟು ಹೋದವರನ್ನ ಕೇಳೋಕೆ ನೀವ್ಯಾರು?" ಎಂದರಂತೆ. ಇವಳು ಒಪ್ಪಂದದ ಕಲಮಿನ ಸಂಖ್ಯೆಯನ್ನೇ ಮೂರು ಸಲ ಹೇಳಿ ನಿಂತುಬಿಟ್ಟಳಂತೆ. ಜೊತೆಯ ಹುಡುಗಿ, "ಆಂಟಿ, ನೀವು ಫೈಲ್ ನೋಡ್ಕೊಳಿ, ಮಾತು ನಾವಾಡ್ತೀವಿ" ಎಂದಳು. ಮೇಷ್ಟ್ರು ಇನ್ನೊಂದು ಅವಕಾಶ ಕೊಟ್ಟರು. ಶನಿವಾರ, ಹತ್ತು ನಿಮಿಷ, ಕಾಗದ ನೋಡದೆ. ಆಗದಿದ್ದರೆ ಫೈಲೇ ಗತಿ.

ನಮ್ಮೂರು ಮಳವಳ್ಳಿಗೆ ಹತ್ತಿರ. ನಿಶ್ಶಬ್ದವಾಗಿ ಓದಬಹುದೆಂದು ಗುರುವಾರ ತಂಗಿ ನಮ್ಮ ಮನೆಗೆ ಬಂದಳು. ಬಂದದ್ದು ನಾಟಿಯ ದಿನ! ನಮ್ಮಲ್ಲಿ ಏಳು ಜನ ಹೆಂಗಸರ ಮುಯ್ಯಾಳು ತಂಡವಿದೆ. ಇವತ್ತು ಎಲ್ಲರೂ ನನ್ನ ಗದ್ದೆಗೆ, ನಾಳೆ ಇನ್ನೊಬ್ಬರ ಗದ್ದೆಗೆ. ಕೂಲಿ ಇಲ್ಲ, ಆಳಿಗೆ ಆಳು. ತಂಗಿ ಬದುವಿನ ಮೇಲೆ ಕಾಗದ ಹರಡಿಕೊಂಡು ಕೂತಳು. ನಾವು ಕೆಸರಿನಲ್ಲಿ ಬಾಗಿದ್ದೆವು.

ಅಷ್ಟರಲ್ಲಿ ನಮ್ಮ ತಂಡದಲ್ಲೇ ಇದ್ದ ಪಕ್ಕದ ಮನೆಯ ಅಕ್ಕ ಒಂದು ಸುದ್ದಿ ಹೇಳಿದಳು. ಅವಳ ಮಗ ನಾಟಿ ಮಾಡುವ ಮಿಷನ್ನು ತಂದಿದ್ದಾನೆ.

"ನಾ ಇನ್ ಮುಯ್ಯಿ ಬುಡ್ತೀನಿ ಕಣ್ರಮ್ಮ."

ನಮ್ಮತ್ತೆ ಸೊಂಟ ನೆಟ್ಟಗೆ ಮಾಡಿದರು. "ಅಂಗಂದ್ರೆ? ಸೋಮವಾರ ನಿನ್ ಗದ್ದೆ ನಾಟಿ ಮಾಡ್ಕೊಟ್ಟೋರು ಯಾರವ್ವ, ಮಿಷನ್ನಾ?"

"ನಿನ್ ಗದ್ದೇಲಿ ಸೊಂಟ ಮುರ್ಕೊಂಡಿವ್ನಿ ಕಣಕ್ಕ, ನನ್ ಗದ್ದೆಗೆ ಬರ್ದೆ ಎಲ್ಲೋದಿಯೇ?" ಎಂದಳು ನನ್ನ ಓರಗಿತ್ತಿ.

ಅಕ್ಕನಿಗೆ ನಗು ತಡೆಯಲಾಗಲಿಲ್ಲ. "ಬುಡ್ತೀನಿ ಅಂದೆ, ಓಡೋಯ್ತೀನಿ ಅಂದ್ನಾ? ಆಗಿರಾದೆಲ್ಲ ತೀರ್ಸೇ ಓಗೋದು. ಮುಂದ್ಲ ವರ್ಷಕ್ಕೆ ಮಾತ್ರ ನನ್ನ ಕರೀಬ್ಯಾಡಿ."

ಬದುವಿನ ಮೇಲಿದ್ದ ತಂಗಿ ಎದ್ದು ಆ ಅಕ್ಕನ ಕಡೆ ತಿರುಗಿ ನಿಂತಳು. ಕಾಗದ ಅಲ್ಲೇ ಉಳಿಯಿತು. "ಅಕ್ಕಾ, ಇನ್ನೊಂದ್ಸಲ ಹೇಳಕ್ಕ!"

ಆಮೇಲೆ ತಂಗಿಯೇ ತನ್ನ ಒಪ್ಪಂದದ ಕತೆ ಹೇಳತೊಡಗಿದಳು. ಬಿಡುತ್ತೇವೆಂದು ದೇಶ ಬರೆದುಕೊಟ್ಟರೂ ಒಂದು ವರ್ಷ ಒಳಗೇ ಲೆಕ್ಕ. ಒಳಗಿದ್ದಾಗ ಬಂದ ಹೊಣೆ ಹೊರಗೆ ಹೋದರೂ ಹೋಗುವುದಿಲ್ಲ. ಆಗಲೇ ಕೈಗೆತ್ತಿಕೊಂಡ ವಿಚಾರಣೆ ನಿಲ್ಲುವುದಿಲ್ಲ. ಬಿಟ್ಟಾದ ಮೇಲೆ ನಡೆದದ್ದಕ್ಕೆ ಮಾತ್ರ ಆ ಸಹಿಯ ಕಟ್ಟು ಇಲ್ಲ.

"ನಮ್ ದೇಸ ಅದ್ರಾಗೈತಾ?" ಅತ್ತೆ ಕೇಳಿದರು.

"ಇಲ್ಲ ಅತ್ತೆ, ಸೇರೇ ಇಲ್ಲ."

"ಸರಿ ಬುಡು, ಬುಡೋ ರಗಳೆನೂ ಇಲ್ಲ." ಎಲ್ಲರೂ ನಕ್ಕರು. ಅತ್ತೆ ಮಾತ್ರ ಬಿಡಲಿಲ್ಲ. "ಒಂದೇಳು. ಇವ್ಳು ತಂಡದಾಗಿದ್ದಾಗ ಇವ್ಳ ಎಮ್ಮೆ ನನ್ ಪೈರು ಮೇದ್ಬುಡ್ತು ಅನ್ಕೋ. ಆಗ ಯಾರೂ ಕೇಳ್ನಿಲ್ಲ. ಇವ್ಳು ಬುಟ್ಟೋದ್ಮೇಲೆ ಗೊತ್ತಾಯ್ತು. ಆಗ?"

"ನನ್ನೆಮ್ಮೆ ಯಾಕ್ ಮೇಯ್ತದೆ?" ಅಕ್ಕ ಸಿಡುಕಿದಳು.

ತಂಗಿಯ ಕಣ್ಣು ದೊಡ್ಡದಾಯಿತು. ಪಂಡಿತರು ಜಗಳಾಡುವುದು ಇದೇ ಪ್ರಶ್ನೆಗಂತೆ. ಆಗಲೇ ವಿಚಾರಣೆ ಶುರುವಾಗಿರಬೇಕು ಅನ್ನುವವರಿದ್ದಾರೆ, ಅಪರಾಧ ಆಗ ನಡೆದಿದ್ದರೆ ಸಾಕು ಅನ್ನುವವರಿದ್ದಾರೆ.

"ನೀನೇನಂತೀಯ?" ಎಂದೆ.

"ಮೇದಿದ್ದು ಮೇದಿದ್ದೇ" ಎಂದಳು. ಹೊಣೆ ಬಂದದ್ದು ಮೇದಾಗ, ಗೊತ್ತಾದಾಗಲ್ಲ ಎಂದು ಕಾರಣವನ್ನೂ ಹೇಳಿದಳು. ಕಾಗದ ಬೇಕಾಗಲಿಲ್ಲ. ಊಟಕ್ಕೆ ಕೂತಾಗಲೂ ನಿಲ್ಲಿಸಲಿಲ್ಲ. ಉಪ್ಪಿನಕಾಯಿ ಬಡಿಸುತ್ತ ನಾನೇ, "ತಿನ್ನು ತಾಯಿ, ನ್ಯಾಯಾಲಯ ಎಲ್ಲೂ ಹೋಗಲ್ಲ" ಎನ್ನಬೇಕಾಯಿತು.

ಶನಿವಾರ ಮಧ್ಯಾಹ್ನ ನಾನು ಅವರೆಕಾಳು ಹಿಚುಕುತ್ತಿದ್ದೆ. ತಂಗಿಯ ಫೋನು ಬಂತು. ಹಿಂದೆ ಮಂಡ್ಯ ಸ್ಟೇಷನ್ನಿನ ಗದ್ದಲ.

"ಹತ್ತು ನಿಮಿಷ ಅಂದಿದ್ರು ಕಣೇ, ಹದಿನಾಲ್ಕಾಯ್ತು! ಮೇಷ್ಟ್ರೇ ಸಾಕಮ್ಮ ಕೂತ್ಕೊಳಿ ಅಂದ್ರು."

"ಕೇಳಿದ್ರಾ, ನೀವ್ಯಾರು ಅಂತ?"

"ಕೇಳಿದ್ರು. ಇಲ್ಲಿ ಎರಡು ಅಭಿಪ್ರಾಯ ಇದೆ ಸಾರ್, ನನ್ನದು ಇದು ಅಂದೆ. ಬುಧವಾರ ಸ್ಪರ್ಧೇಲಿ ಮಾತಾಡೋಳು ನಾನೇ! ಅಕ್ಕಾ, ಒಂದು ಕರೀ ಕೋಟು ಹೊಲಿಸ್ಬೇಕಲ್ಲ. ಹುಡ್ಗೀರ ಕೋಟು ನನ್ನ ತೋಳಿಗೇ ಇಳಿಯಲ್ಲ."

ಭಾನುವಾರ ಮಳವಳ್ಳಿಯಲ್ಲಿ ನಮಗೆ ಗೊತ್ತಿರುವ ಟೈಲರನ ಹತ್ತಿರ ಹೋದೆವು. ಅವನು ಟೇಪು ಹಿಡಿದು ನಮ್ಮ ಹಿಂದೆ ಯಾರಾದರೂ ಇದ್ದಾರೋ ಎಂದು ನೋಡಿದ. "ಲಾಯರು ಯಾರಮ್ಮ, ಮಗಳಾ? ಎಲ್ಲವ್ಳೆ?"

"ನಾನೇ ಕಣಪ್ಪ" ಎಂದು ತಂಗಿ ಎರಡೂ ತೋಳು ಚಾಚಿ ನಿಂತಳು. "ಕೈ ಎತ್ತಿ ಮಾತಾಡ್ಬೇಕು. ಬಿಗಿ ಮಾಡ್ಬೇಡ."